ಎಪ್ಪತ್ತಮೂರನೆಯ ಮನೆ

ಕಾಗದ ಕಪಾಟಿನಲ್ಲಿಯೂ ಇರಲಿಲ್ಲ. ನಾಲ್ಕು ಅರೆಗಳನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಹುಡುಕಿಯಾಗಿತ್ತು. ಸುಟ್ಟ ಬಲ್ಬುಗಳ ಡಬ್ಬಿ, ಬಣ್ಣದ ಹಾಳೆಗಳ ಸುರುಳಿ, ಹಳೆಯ ನಾಟಕಗಳ ದೀಪಪಟ್ಟಿಗಳು, ಎಲ್ಲವೂ ಇರಬೇಕಾದಲ್ಲಿಯೇ ಇದ್ದವು. ಇಲ್ಲದ್ದು ಅದೊಂದೇ. ಚೌಕಳಿ ಗೆರೆಯ ನೋಟುಪುಸ್ತಕದಿಂದ ಹರಿದ ಅರ್ಧ ಹಾಳೆ, ಅದರಲ್ಲಿ ಹತ್ತು ಸಾಲು, ಸಾಲಿಗೊಂದು ಸಂಖ್ಯೆ, ಹುಡುಕುತ್ತಿದ್ದವನದೇ ನೆಟ್ಟಗಿನ ಅಕ್ಷರ. ಅದನ್ನು ಅವನು ಕೊನೆಯ ಬಾರಿ ಕಂಡದ್ದು ತನ್ನ ತಂಗಿಯ ಗಂಡನ ಹಲ್ಲುಗಳ ನಡುವೆ. ತಂಗಿಯ ಗಂಡ ಆ ರಂಗಮಂದಿರದಲ್ಲಿ ದೀಪಗಳನ್ನು ಕಟ್ಟುವವನು, ಇಳಿಸುವವನು. ಇಪ್ಪತ್ತು ವರ್ಷ ಏಣಿಯ ಮೇಲೆಯೇ ಕಳೆದುದರಿಂದ ಎಲ್ಲರಿಗೂ ಅವನು ಏಣಿ. ಎರಡು ಕೈಗಳಿಗೂ ಕೆಲಸವಿರುವುದರಿಂದ ಕಾಗದವನ್ನು ಬಾಯಲ್ಲಿ ಕಚ್ಚಿಕೊಂಡು ಹತ್ತುವುದು ಅವನ ರೂಢಿ. ಇಳಿದ ಮೇಲೆ ಆ ಕಾಗದ ಏನಾಯಿತು? ಕಸ ಗುಡಿಸುವವಳ ಪೊರಕೆಗೆ ಹೋಗಿರಬಹುದು. ಏಣಿಯ ಜೇಬಿನಲ್ಲಿ ಇರಬಹುದು. ಎರಡರಲ್ಲಿ ಯಾವುದು ತನಗೆ ಬೇಕೆಂದು ಹುಡುಕುತ್ತಿದ್ದವನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಸಿದ್ಧವಾಗಿತ್ತು. ಗಂಟೆ ಒಂಬತ್ತೂವರೆ. ತನಿಖೆ ಹನ್ನೊಂದಕ್ಕೆ.

ಕಪಾಟಿನ ಬಾಗಿಲು ಮುಚ್ಚಿ, ಅದು ತಾನಾಗಿ ತೆರೆದುಕೊಂಡಾಗ ಮತ್ತೆ ಮುಚ್ಚಿ, ಅವನು ದೀಪಗಳನ್ನು ಏರಿಸಿ ಇಳಿಸುವ ಕನ್ಸೋಲಿನ ಮುಂದೆ ಕುಳಿತ. ಪ್ರೇಕ್ಷಕರ ತಲೆಯ ಮೇಲಿನ ಈ ಗಾಜಿನ ಕೋಣೆಯಲ್ಲಿ ಅವನು ಕುಳಿತಿರುವುದು ಇಪ್ಪತ್ತೊಂಬತ್ತು ವರ್ಷಗಳಿಂದ. ಮೊದಲ ಹನ್ನೊಂದು ವರ್ಷ ಇಲ್ಲಿ ಕಬ್ಬಿಣದ ಹಿಡಿಗಳಿದ್ದವು. ಎಳೆದರೆ ದೀಪ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು, ಹಿಡಿ ಅಂಗೈಗೆ ಬಿಸಿಯಾಗುತ್ತಿತ್ತು. ದೀಪ ಉರಿಯುತ್ತಿದೆಯೆಂದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು. ಈಗ ಎಲ್ಲವೂ ಅಂಕಿ. ಅಂಕಿ ಬಂದಾಗ ಉಳಿದವರೆಲ್ಲ ಹೆದರಿದರು, ಅವನೊಬ್ಬ ಹಿಗ್ಗಿದ. ಅವನ ತಂದೆ ಲೆಕ್ಕದ ಮೇಷ್ಟ್ರಾಗಿದ್ದವರು. ಅವನು ಯಾರಿಗೂ ಪಾಠ ಹೇಳಿದವನಲ್ಲ, ಆದರೂ ರಂಗಮಂದಿರದಲ್ಲಿ ಅವನನ್ನು ಮೇಷ್ಟ್ರು ಎಂದೇ ಕರೆದರು. ಆ ಹೆಸರಿನ ಒಳಗೆ ಸ್ವಲ್ಪ ಗೇಲಿ ಇತ್ತೆಂದು ಅವನಿಗೆ ಗೊತ್ತಿತ್ತು. ಗೇಲಿಯನ್ನು ಕಳೆದು ಉಳಿದ ಗೌರವವನ್ನು ಅವನು ಇಟ್ಟುಕೊಂಡಿದ್ದ.

ಮೊಬೈಲು ಅಲುಗಿತು. ತಂಗಿ.

“ಅಣ್ಣಾ, ಇವರು ಹೊರಟ್ರು. ತಿಂಡಿ ಮುಟ್ಟಿಲ್ಲ. ಏನು ಕೇಳಿದ್ರೂ ಹ್ಞೂಂ, ಊಹ್ಞೂಂ, ಅಷ್ಟೇ. ಇವರಿಗೆ ಮಾತಾಡಕ್ಕೆ ಬರಲ್ಲ ಅಂತ ನಿಂಗೇ ಗೊತ್ತಲ್ಲ. ದೊಡ್ಡೋರ ಮುಂದೆ ನಿಂತ್ರೆ ಮಾಡದೇ ಇರೋ ತಪ್ಪನ್ನೂ ಒಪ್ಕೊಂಡು ಬಂದ್ಬಿಡ್ತಾರೆ. ನೀನಿರ್ತೀಯಲ್ಲ?”

“ಇರ್ತೀನಿ.”

“ಅಷ್ಟು ಸಾಕು ಬಿಡು. ನೀನಿದ್ರೆ ನಂಗೆ ಧೈರ್ಯ.”

ಅವಳು ಫೋನು ಇಟ್ಟಳು. ಅಷ್ಟು ಸಾಕು ಎಂಬ ಮಾತು ಕೋಣೆಯಲ್ಲಿ ಉಳಿಯಿತು. ಅವನು ಕನ್ಸೋಲನ್ನು ಚಾಲೂ ಮಾಡಿದ. ತೆರೆಯ ಮೇಲೆ ಚೌಕಗಳು ಸಾಲುಸಾಲಾಗಿ ಬೆಳಗಿದವು, ಪ್ರತಿ ಚೌಕದಲ್ಲಿ ಒಂದು ಸೊನ್ನೆ. ಐನೂರ ಹನ್ನೆರಡು ಮನೆಗಳು. ಈ ಯಂತ್ರ ಒಂದೇ ತಂತಿಯಲ್ಲಿ ಐನೂರ ಹನ್ನೆರಡು ಅಂಕಿಗಳನ್ನು ಒಂದರ ಹಿಂದೆ ಒಂದರಂತೆ ಕಳಿಸುತ್ತದೆ. ಒಂದೊಂದೂ ಸೊನ್ನೆಯಿಂದ ಇನ್ನೂರ ಐವತ್ತೈದರ ಒಳಗಿನದು. ಸೊನ್ನೆಯೆಂದರೆ ಕತ್ತಲೆ, ಇನ್ನೂರ ಐವತ್ತೈದೆಂದರೆ ಪೂರ್ಣ. ಕೊನೆಯದನ್ನು ಕಳಿಸಿದ ಮೇಲೆ ಮತ್ತೆ ಮೊದಲಿನಿಂದ. ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ, ಏನೂ ಬದಲಾಗದಿದ್ದರೂ ಅದನ್ನೇ. ತಂತಿ ಒಂದು ದೀಪದಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಹೋಗುತ್ತದೆ. ಅಂಕಿಗಳ ಮೇಲೆ ಯಾರ ಹೆಸರೂ ಇಲ್ಲ. ಪ್ರತಿ ದೀಪವೂ ಒಂದರಿಂದ ತಾನೇ ಎಣಿಸಿಕೊಳ್ಳಬೇಕು. ತನ್ನ ಸಂಖ್ಯೆ ಬಂದಾಗ ಅಲ್ಲಿಂದ ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದಕ್ಕೆ ಕಿವುಡಾಗಬೇಕು. ಬಹಳ ಹಿಂದೆ ಇದನ್ನು ಏಣಿಗೆ ಹೇಳಿಕೊಟ್ಟದ್ದು ಅವನೇ. ಅಂಚೆಯವನು ಐನೂರ ಹನ್ನೆರಡು ಕಾಗದ ಹಿಡಿದು ಬೀದಿಯಲ್ಲಿ ಓಡುತ್ತಾನೆ, ಯಾರ ಬಾಗಿಲನ್ನೂ ತಟ್ಟುವುದಿಲ್ಲ, ಬಾಗಿಲಲ್ಲಿ ನಿಂತವನು ಎಣಿಸಿ ತನ್ನದನ್ನು ಕಿತ್ತುಕೊಳ್ಳಬೇಕು ಎಂದಿದ್ದ.

“ಉತ್ತರ ತಗೊಂಡು ಹೋಗಲ್ವಾ ಅವನು?” ಎಂದು ಏಣಿ ಕೇಳಿದ್ದ.

“ಇಲ್ಲ. ಮಾತು ಇಲ್ಲಿಂದ ಅಲ್ಲಿಗೆ ಮಾತ್ರ. ದೀಪ ತಿರುಗಿ ಮಾತಾಡಲ್ಲ.”

“ಹಾಗಾದ್ರೆ ತಲುಪ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ ಭಾವ?”

“ಕಣ್ಣಿಲ್ವೇನಯ್ಯಾ? ನೋಡಬೇಕು.”

ನೋಡಬೇಕು ಎಂದವನು ತಾನೇ. ಅವನು ಗಾಜಿನಾಚೆ ಖಾಲಿ ರಂಗವನ್ನು ನೋಡಿದ. ನಡುವಿನ ನೆಲಬಾಗಿಲು ಮುಚ್ಚಿತ್ತು, ಅದರ ಸುತ್ತ ಹಳದಿ ಹಗ್ಗ ಕಟ್ಟಿದ್ದರು. ಎರಡಾಳಿನ ಆಳದ ಕುಳಿ. ನಾಟಕದಲ್ಲಿ ಅದು ಬಾವಿ. ಎರಡನೆಯ ಅಂಕದ ಕೊನೆಗೆ ರಂಗ ಕತ್ತಲಾಗುತ್ತದೆ, ಬಾಗಿಲು ತೆರೆಯುತ್ತದೆ, ಮುದುಕಿಯ ಪಾತ್ರದವಳು ಕುಳಿಯ ಅಂಚಿನಲ್ಲೇ ಏಳು ಹೆಜ್ಜೆ ನಡೆದು ಆಚೆ ಹೋಗಬೇಕು. ಅವಳಿಗೆ ದಾರಿ ತೋರಲೆಂದು ಮೇಲಿನ ಕೊಳವೆಗೆ ಒಂದು ಸಣ್ಣ ದೀಪ ಕಟ್ಟಿದ್ದರು. ಅಂಚಿನ ಮೇಲೆ ಬೆರಳಗಲದ ನೀಲಿ ಗೆರೆ ಬೀಳಿಸುವುದಷ್ಟೇ ಅದರ ಕೆಲಸ. ಪ್ರೇಕ್ಷಕರಿಗೆ ಕಾಣದು. ಅವಳಿಗೆ ಕಾಣಬೇಕು. ಅದೇ ಹತ್ತನೆಯ ದೀಪ, ಸಾಲಿನ ಕಡೆಯದು.

ಅದಕ್ಕೆ ಮುಂಚಿನ ಒಂಬತ್ತೂ ತಲೆ ತಿರುಗಿಸುವ ದೊಡ್ಡ ದೀಪಗಳು. ಅತ್ತಿತ್ತ ತಿರುಗುವುದಕ್ಕೆ ಒಂದು ಮನೆ, ಮೇಲೆ ಕೆಳಗೆ ಬಾಗುವುದಕ್ಕೆ ಒಂದು, ಬಣ್ಣಕ್ಕೆ ಇಷ್ಟು, ಕಡೆಯದಾಗಿ ಬೆಳಕಿನ ಪ್ರಮಾಣಕ್ಕೆ ಒಂದು, ಹೀಗೆ ತಲೆಗೆ ಎಂಟು ಮನೆ. ಮೊದಲನೆಯದು ಒಂದರಿಂದ, ಎರಡನೆಯದು ಒಂಬತ್ತರಿಂದ. ಕಾಗದದ ಮೇಲೆ ಸಾಲುಗಳನ್ನು ಬರೆಯುತ್ತಿದ್ದಂತೆ ಬಾಯಿ ತಾನಾಗಿ ಮಗ್ಗಿ ಹೇಳತೊಡಗಿತ್ತು. ಎಂಟೊಂದ್ಲ ಎಂಟು, ಎಂಟೆರಡ್ಲ ಹದಿನಾರು. ಪ್ರತಿ ಗುಣಲಬ್ಧಕ್ಕೂ ಒಂದು ಕೂಡಿಸಿ ಮುಂದಿನ ದೀಪದ ಸಂಖ್ಯೆ ಬರೆದ. ಒಂಬತ್ತನೆಯ ಸಾಲಿನವರೆಗೂ ಕೂಡಿಸಿದ. ಆಗ ನಿರ್ದೇಶಕ ಕೆಳಗಿನಿಂದ ಕೂಗಿದ್ದನೆ? ಕೂಗಿದ್ದ ಎಂದು ಒಂಬತ್ತು ದಿನಗಳಿಂದ ಅವನು ತನಗೆ ಹೇಳಿಕೊಳ್ಳುತ್ತಿದ್ದಾನೆ. ಯಾರೂ ಕೂಗಿರಲಿಲ್ಲ. ಎಂಟೊಂಬತ್ಲ ಎಪ್ಪತ್ತೆರಡು ಎಂದಿತು ಬಾಯಿ, ಅದರ ಇಂಪಿಗೆ ಕೈ ಎಪ್ಪತ್ತೆರಡು ಎಂದೇ ಬರೆಯಿತು, ಒಂದು ಉಳಿದುಹೋಯಿತು.

ಬರೆದ ತಪ್ಪು ತಿದ್ದಲು ಅವಕಾಶ ಸಿಗದಿರಲಿಲ್ಲ. ಅದೇ ಅವನನ್ನು ಸುಡುತ್ತಿದ್ದುದು. ಏಣಿ ಕಾಗದ ಕಚ್ಚಿಕೊಂಡು ಹತ್ತಿದ್ದ. ಆ ಸಣ್ಣ ದೀಪ ಹಳೆಯ ಜಾತಿಯದು. ಬೆನ್ನಿನಲ್ಲಿ ಒಂಬತ್ತು ಕಿರುಗುಂಡಿಗಳು, ಅವುಗಳ ಬೆಲೆ ಒಂದು, ಎರಡು, ನಾಲ್ಕು, ಎಂಟು, ಹೀಗೆ ಇಮ್ಮಡಿಯಾಗುತ್ತ ಇನ್ನೂರ ಐವತ್ತಾರರವರೆಗೆ. ಮೇಲಕ್ಕೆ ದೂಡಿದ ಗುಂಡಿಗಳ ಬೆಲೆಗಳನ್ನು ಕೂಡಿದರೆ ದೀಪದ ಸಂಖ್ಯೆ. ಅರವತ್ತನಾಲ್ಕನ್ನು ದೂಡಿ, ಎಂಟನ್ನು ದೂಡಿ, ಏಣಿ ನಿಂತ. ಬಾಯಿಂದ ಕಾಗದ ತೆಗೆದು ಇನ್ನೊಮ್ಮೆ ಓದಿದ. ಆಮೇಲೆ ಮೇಲಿಂದ ಕೂಗಿದ:

“ಭಾವ, ಎಪ್ಪತ್ತೆರಡು ಒಂಬತ್ತನೇ ದೀಪದ ಕೊನೇ ಮನೆ ಅಲ್ವಾ? ಇದಕ್ಕೆ ಇನ್ನೊಂದು ಸೇರಬೇಕಲ್ವಾ?”

ರಂಗದ ಮೇಲೆ ನಿರ್ದೇಶಕ ಇದ್ದ, ಮ್ಯಾನೇಜರು ಇದ್ದ, ಏಳೆಂಟು ನಟರಿದ್ದರು. ಎಲ್ಲರೂ ಮೊದಲು ಏಣಿಯನ್ನೂ ಆಮೇಲೆ ಇವನನ್ನೂ ನೋಡಿದರು. ಇವನು ತಲೆಯೆತ್ತಿದ, ಕಂಡದ್ದು ಚಪ್ಪಲಿಯ ಸವೆದ ಅಡಿ. ನಾಲ್ಕನೆಯ ತರಗತಿಗೆ ಸ್ಲೇಟು ಬಿಟ್ಟವನ ಅಡಿ.

“ಲೆಕ್ಕ ನಂದು, ಏಣಿ ನಿಂದು,” ಎಂದ. “ಬರೆದದ್ದನ್ನ ಮಾಡಿ ಇಳಿ.”

ಎಲ್ಲರೂ ನಕ್ಕರು. ಮೇಲಿನಿಂದ ಏಣಿಯೂ ನಕ್ಕ. ಮುದುಕಿಯ ಪಾತ್ರದವಳ ನಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ತಾಲೀಮಿನಲ್ಲಿ ನೀಲಿ ಗೆರೆ ಬಿತ್ತು. ಬಿದ್ದದ್ದು ಏಕೆಂದರೆ ಆ ದೃಶ್ಯದಲ್ಲಿ ಆಗ ಒಂಬತ್ತನೆಯ ದೊಡ್ಡ ದೀಪ ಹಿಂದಿನ ಪರದೆಯ ಮೇಲೆ ಉರಿಯುತ್ತಿತ್ತು, ಅದರ ಬೆಳಕಿನ ಮನೆ ಎಪ್ಪತ್ತೆರಡು, ಸಣ್ಣ ದೀಪ ಆ ಮನೆಯ ಅಂಕಿಯನ್ನೇ ಕದ್ದು ಕುಡಿದು ಉರಿಯಿತು. ಎಲ್ಲರಿಗೂ ಸರಿಯೆನಿಸಿತು. ಪ್ರಯೋಗದ ಸಂಜೆ ನಿರ್ದೇಶಕ ಬಂದು, ಹಿಂದಿನ ಪರದೆಯ ಬೆಳಕು ಬೇಡ, ಅಲ್ಲಿ ಪೂರಾ ಕತ್ತಲೆ ಬೇಕು, ಎಂದ. ಇವನು ಎಪ್ಪತ್ತೆರಡನ್ನು ಸೊನ್ನೆಗೆ ಇಳಿಸಿದ. ತೆರೆಯ ಮೇಲೆ ಎಪ್ಪತ್ತಮೂರರ ಚೌಕದಲ್ಲಿ ಇನ್ನೂರ ಐವತ್ತೈದು ಎಂದೇ ಇತ್ತು. ಕನ್ಸೋಲಿಗೆ ಅವನು ಹೇಳಿದ್ದು ದೀಪಗಳ ಜಾತಿ ಮತ್ತು ಎಣಿಕೆ ಮಾತ್ರ. ಮನೆಗಳನ್ನು ಅದು ತಾನೇ ಹಂಚಿಕೊಂಡಿತ್ತು. ಯಂತ್ರಕ್ಕೆ ಮಗ್ಗಿಯ ಇಂಪು ತಿಳಿಯದು, ಆದ್ದರಿಂದ ಅದು ತಪ್ಪಲಿಲ್ಲ. ಎಪ್ಪತ್ತಮೂರನೆಯ ಮನೆಗೆ ಪೂರ್ಣ ಬೆಳಕಿನ ಆಜ್ಞೆ ಸೆಕೆಂಡಿಗೆ ನಲವತ್ತು ಸಲ ಹೋಗುತ್ತಿತ್ತು. ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವನು ತೆರೆಯ ಅಂಕಿಯನ್ನು ನೋಡಿದ, ಗಾಜಿನಾಚೆ ನೋಡಲಿಲ್ಲ. ಅಂಕಿ ಇರುವಾಗ ಕಣ್ಣು ಏಕೆ? ಶಬ್ದ ಕೇಳಿ ತಲೆಯೆತ್ತಿದ. ದೊಡ್ಡ ಶಬ್ದವೇನಲ್ಲ, ಯಾರೋ ಒದ್ದೆ ಬಟ್ಟೆಯ ಗಂಟನ್ನು ಕುಳಿಯ ನೆಲಕ್ಕೆ ಹಾಕಿದ ಹಾಗೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

“ಭಾವ, ಚಹಾ.”

ಏಣಿ ಬಾಗಿಲಲ್ಲಿ ನಿಂತಿದ್ದ, ಒಂದೇ ಕೈಯಲ್ಲಿ ಎರಡು ಲೋಟ. ಒಗೆದ ಬಿಳಿ ಅಂಗಿ ತೊಟ್ಟಿದ್ದ. ಮದುವೆ ಮನೆಗೂ ಆಸ್ಪತ್ರೆಗೂ ಅವನಿಗೆ ಆ ಒಂದೇ ಅಂಗಿ. ಎದೆಯ ಜೇಬು ಸ್ವಲ್ಪ ಉಬ್ಬಿತ್ತು. ಬೀಡಿ ಕಟ್ಟಿರಬಹುದು. ಬೀಡಿ ಬಿಟ್ಟು ಎರಡು ವರ್ಷವಾಗಿದೆ ಎಂದು ತಂಗಿ ಹೇಳಿದ್ದಳಲ್ಲವೆ?

“ತಿಂಡಿ ತಿಂದ್ಯಾ?” ಎಂದು ಕೇಳಿದ.

“ಆಯ್ತು.”

“ಸುಳ್ಳು. ಅವಳು ಫೋನ್ ಮಾಡಿದ್ಲು.”

ಏಣಿ ನಕ್ಕ. “ಮತ್ಯಾಕೆ ಕೇಳ್ತೀರಿ? ಗೊತ್ತಿರೋ ಲೆಕ್ಕಾನೇ ಕೇಳೋ ಚಾಳಿ ನಿಮ್ಮದು.”

ಇಬ್ಬರೂ ಚಹಾ ಕುಡಿದರು. ಆ ಚೀಟಿ ಎಂದು ಶುರುಮಾಡಲು ಅವನು ಬಾಯಿ ತೆರೆದ. ಚಹಾ ಬಿಸಿಯಾಗಿದೆಯೆಂಬಂತೆ ಊದಿದ. ಮತ್ತೊಮ್ಮೆ ತೆರೆದ. ಏಣಿ ಲೋಟದ ಮೇಲಿಂದ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಅವಸರವಿರಲಿಲ್ಲ, ಸಿಟ್ಟಿರಲಿಲ್ಲ. ಏಣಿಯ ಕೆಳಗೆ ನಿಂತು ಸ್ಪ್ಯಾನರು ಎತ್ತಿಕೊಡುವವನು ಮೇಲಿನವನ ಕೈ ಇಳಿದು ಬರಲೆಂದು ಕಾಯುವ ಹಾಗಿತ್ತು.

“ಮುದುಕೀನ ನೋಡಕ್ಕೆ ಹೋಗಿದ್ರಂತೆ?” ಎಂದ ಏಣಿ.

“ಹೋಗಿದ್ದೆ.”

“ಏನಂದ್ಲು?”

“ಏನಿಲ್ಲ. ನಗಾಡಿದ್ಲು.”

ಅವಳಿಗೆ ಮೂವತ್ತಾರು ವರ್ಷ. ಇಪ್ಪತ್ತರಿಂದಲೂ ಮುದುಕಿಯರ ಪಾತ್ರವನ್ನೇ ಮಾಡುತ್ತ ಬಂದುದರಿಂದ ಮುದುಕಿ ಎಂಬುದು ಅವಳ ಕರೆಯುವ ಹೆಸರಾಗಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ಅವಳ ಕೂದಲ ಬುಡದಲ್ಲಿ ಇನ್ನೂ ಬಿಳಿ ಬಣ್ಣ ಅಂಟಿತ್ತು. ದಾದಿಯರಿಗೆ ತೊಳೆಯಲು ಬಿಡುವಿರಲಿಲ್ಲವೇನೋ. ಸೊಂಟದಿಂದ ಕೆಳಕ್ಕೆ ಹೊದಿಕೆ ಅಲುಗುತ್ತಿರಲಿಲ್ಲ. “ಬನ್ನಿ ಮೇಷ್ಟ್ರೇ, ನಲವತ್ತು ನಾಟಕದಲ್ಲಿ ಸುಳ್ಳು ಕೋಲು ಊರಿ ನಡೆದೆ. ದೇವರು ಲೆಕ್ಕ ಇಟ್ಟಿದ್ದ ನೋಡಿ,” ಎಂದಿದ್ದಳು. ಅವನು ನಗಲು ಪ್ರಯತ್ನಿಸಿದ. ಅವಳು ಆಮೇಲೆ ತಗ್ಗಿದ ದನಿಯಲ್ಲಿ, “ಒಂದು ಮಾತು ನಿಜ ಹೇಳಿ. ಆ ನೀಲಿ ಗೆರೆ ಇತ್ತಾ? ನಂಗೆ ಕಾಣಲೇ ಇಲ್ಲ. ಇದ್ದೂ ಕಾಣಲಿಲ್ಲ ಅಂದ್ರೆ ನನ್ನ ಕಣ್ಣು ಹೋಗಿದೆ ಅಂತ. ಕಾಲಂತೂ ಹೋಯ್ತು. ಕಣ್ಣೂ ಹೋದ್ರೆ ಯಾವ ಪಾತ್ರ ಕೊಡ್ತಾರೆ?” ಎಂದಳು. ಪಕ್ಕದ ಮಂಚದ ಹೆಂಗಸು ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದಳು. ಅವನು ಸಿಪ್ಪೆಯ ತುಂಡುಗಳನ್ನು ಎಣಿಸಿದ. “ಬೋರ್ಡಿನ ಮೇಲೆ ಫುಲ್ ಇತ್ತಮ್ಮಾ,” ಎಂದ. ಸುಳ್ಳಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವಳು ಎರಡೂ ಅಂಗೈಗಳಿಂದ ಕಣ್ಣುಗಳನ್ನು ಮೆಲ್ಲನೆ ಒತ್ತಿಕೊಂಡಳು, ಹಣ್ಣು ಮಾಗಿದೆಯೇ ಎಂದು ನೋಡುವವರ ಹಾಗೆ.

“ಹೊತ್ತಾಯ್ತು ಭಾವ,” ಎಂದು ಏಣಿ ಲೋಟ ತೆಗೆದುಕೊಂಡ. “ಇಳಿಯೋಣ್ವಾ?”

ಗಾಜಿನ ಕೋಣೆಯಿಂದ ರಂಗಕ್ಕೆ ನಲವತ್ತೊಂದು ಮೆಟ್ಟಿಲು. ಏಣಿ ಮುಂದೆ, ಅವನು ಹಿಂದೆ.

ರಂಗದ ನಡುವೆ ಒಂದು ಮೇಜು ಹಾಕಿ ಅದರ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆಯೊತ್ತಿದ ದೀಪವನ್ನು ಇಟ್ಟಿದ್ದರು. ಮುದುಕಿ ಕುಳಿಗೆ ಬಿದ್ದ ಮರುದಿನವೇ ಮ್ಯಾನೇಜರು ಅದನ್ನು ಇಳಿಸಿ ಮುದ್ರೆ ಹಾಕಿಸಿದ್ದ. ತನಿಖೆಗೆ ಬಂದವಳು ನಲವತ್ತರ ಆಸುಪಾಸಿನ ಇಂಜಿನಿಯರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಚೀಲದಲ್ಲಿ ಹುಡುಕುತ್ತಿದ್ದಳು. ಮ್ಯಾನೇಜರು ತಲೆಯನ್ನು ಬೊಟ್ಟು ಮಾಡಿ ತೋರಿಸಿದ. “ಓ,” ಎಂದು ಅವಳು ಇಳಿಸಿಕೊಂಡಳು. ಯಾರೂ ನಗಲಿಲ್ಲ. ಮುದ್ರೆ ಒಡೆದಳು, ದೀಪವನ್ನು ಬೋರಲು ಮಾಡಿದಳು, ಪೆನ್ನಿನ ತುದಿಯಿಂದ ಕಿರುಗುಂಡಿಗಳನ್ನು ಒಂದೊಂದಾಗಿ ಮುಟ್ಟಿದಳು.

“ಅರವತ್ನಾಲ್ಕು. ಎಂಟು. ಎಪ್ಪತ್ತೆರಡು.” ಕನ್ಸೋಲಿನಿಂದ ತೆಗೆದ ಪಟ್ಟಿಯನ್ನು ನೋಡಿದಳು. “ಇಲ್ಲಿ ಎಪ್ಪತ್ಮೂರು ಅಂತಿದೆ. ಒಂದನೇ ಗುಂಡಿ ಮೇಲಿರಬೇಕಿತ್ತು.”

ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡ ಬಿಳಿ ಗುಂಡಿ. ಅದು ಕೆಳಗೇ ಇತ್ತು. ಉಗುರಿನ ತುದಿಯಿಂದ ದೂಡಿದರೆ ಮುಗಿಯಿತು ಎನ್ನಿಸಿ ಅವನ ಹೆಬ್ಬೆರಳು ತಾನಾಗಿ ಅಲುಗಿತು. ಅವನು ಅದನ್ನು ಮುಷ್ಟಿಯೊಳಗೆ ಮಡಚಿದ. ಅವಳು ತಂತಿಯನ್ನು ಪರೀಕ್ಷಿಸಿದಳು, ಗಟ್ಟಿಯಾಗಿತ್ತು. ಬೀಳದಂತೆ ಕಟ್ಟುವ ಉಕ್ಕಿನ ಸರಪಣಿಯನ್ನು ಎಳೆದು ನೋಡಿದಳು, ಸರಿಯಿತ್ತು. ಸಾಲಿನ ಕಡೆಯ ದೀಪದ ಬಾಯಿಗೆ ಒಂದು ಮುಚ್ಚಳ ಹಾಕಬೇಕು. ಇಲ್ಲದಿದ್ದರೆ ತಂತಿಯ ತುದಿಗೆ ಹೋದ ಮಾತು ಬಡಿದು ಹಿಂದಿರುಗಿ, ಮುಂದೆ ಬರುವ ಮಾತಿನೊಡನೆ ಕಲಸಿಹೋಗುತ್ತದೆ. ಆ ಮುಚ್ಚಳವನ್ನು ಬಹಳ ಕಡೆ ಹಾಕುವುದೇ ಇಲ್ಲ. ಇಲ್ಲಿ ಅದೂ ಇತ್ತು. ಏಣಿಯ ಕೈಯ ಕೆಲಸವೆಲ್ಲ ಒಂದೊಂದಾಗಿ ಸರಿಯಾಗಿ ಹೊರಬೀಳುತ್ತಿತ್ತು, ಮತ್ತು ಪ್ರತಿಯೊಂದು ಸರಿಯೂ ಉಳಿದ ಒಂದು ತಪ್ಪನ್ನು ಇನ್ನಷ್ಟು ಸಂಖ್ಯೆ ಬರೆದವನದಾಗಿಸುತ್ತಿತ್ತು.

“ಗುಂಡಿ ಇಟ್ಟವರು ಯಾರು?”

“ನಾನು ಮೇಡಂ,” ಎಂದ ಏಣಿ.

“ಸಂಖ್ಯೆ ಹೇಳಿದವರು?”

ಏಣಿ ತಿರುಗಿ ಇವನನ್ನು ನೋಡಿದ. ಮ್ಯಾನೇಜರೂ ನೋಡಿದ. ಏಣಿಯ ಬಲಗೈ ಎದೆಯ ಜೇಬಿನವರೆಗೆ ಏರಿ ಅಲ್ಲೇ ನಿಂತಿತು, ಅಂಗಿಯ ಮೇಲಿನ ಧೂಳನ್ನು ಒರೆಸುವ ನೆವದಲ್ಲಿ.

“ಸಂಖ್ಯೆ ಕೊಡೋದು ನಾನು,” ಎಂದ ಅವನು.

“ಎಷ್ಟು ಅಂತ ಕೊಟ್ರಿ?”

ಸರಳವಾದ ಪ್ರಶ್ನೆ. ಹತ್ತು ಮಾರು ಉದ್ದದ ಬೇಲಿ, ಮಾರಿಗೊಂದು ಗೂಟ, ಎಷ್ಟು ಗೂಟ ಬೇಕು? ಅವನಿಗಾಗ ಒಂಬತ್ತು ವರ್ಷ. ತರಗತಿಯಲ್ಲಿ ಅವನಲ್ಲದೆ ನಲವತ್ತು ಮಂದಿ. ಪ್ರಶ್ನೆ ಕೇಳಿದ ಮೇಷ್ಟ್ರು ಅವನ ತಂದೆ. ಹತ್ತು ಎಂದಿದ್ದ. ತಂದೆ ಹೊಡೆಯಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿ ತರಗತಿಯತ್ತ ತಿರುಗಿ, “ಎಷ್ಟು?” ಎಂದರು. ನಲವತ್ತು ಬಾಯಿಗಳು ಹನ್ನೊಂದು ಎಂದವು. “ಕೇಳಿಸಲಿಲ್ಲ ಇವನಿಗೆ, ಇನ್ನೊಮ್ಮೆ ಹೇಳಿ.” ಹನ್ನೊಂದು. ಸಂಜೆ ಮನೆಯಲ್ಲಿ ಅಮ್ಮ ರೊಟ್ಟಿ ಬಡಿಸುವಾಗ ತಂದೆ ಅವನ ತಟ್ಟೆಯನ್ನು ತೋರಿಸಿ, “ಅವನಿಗೆ ಒಂದು ಕಡಿಮೆ ಹಾಕು, ಒಂದು ಬಿಟ್ರೆ ಏನಾಗುತ್ತೆ ಅಂತ ಗೊತ್ತಾಗಲಿ,” ಎಂದಿದ್ದರು. ತಂಗಿಯಾಗ ಚಿಕ್ಕವಳು. ಏನೂ ತಿಳಿಯದಿದ್ದರೂ ತನ್ನ ತಟ್ಟೆಯಿಂದ ಒಂದನ್ನು ತೆಗೆದು ಅವನ ತಟ್ಟೆಗೆ ಹಾಕಿದಳು.

“ಎಪ್ಪತ್ಮೂರು,” ಎಂದ.

“ಬರೆದು ಕೊಟ್ರಾ?”

“ಇಲ್ಲ. ಬಾಯಲ್ಲಿ ಹೇಳಿದ್ದೆ.”

ಮಾತು ಹೊರಬಿದ್ದ ಮೇಲೆ ಏಣಿಯ ಕೈ ಜೇಬಿನಿಂದ ಕೆಳಗಿಳಿಯಿತು. ಇಳಿಯುವುದನ್ನು ಅವನು ನೋಡಿದ, ಬೆಳಕು ತಗ್ಗಿಸುವ ಫೇಡರು ಇಳಿಯುವಷ್ಟು ಸಮನಾಗಿ. ತನಿಖೆಯವಳು ಏಣಿಯ ಕಡೆ ತಿರುಗಿದಳು.

“ನೀವೇನಂತೀರಿ?”

“ನಂದೇನಿದೆ ಮೇಡಂ? ಲೆಕ್ಕ ಭಾವಂದು, ಏಣಿ ನಂದು. ಏಣಿ ಮೇಲಾದದ್ದಕ್ಕೆಲ್ಲ ನಾನೇ ಹೊಣೆ.”

“ಅಂದ್ರೆ ಕೈತಪ್ಪು?”

“ಹಾಗೇ ಬರ್ಕೊಳ್ಳಿ.”

ಅವಳು ಬರೆದುಕೊಂಡಳು. ಮ್ಯಾನೇಜರು ನಿಟ್ಟುಸಿರು ಬಿಟ್ಟ. ಅದರಲ್ಲಿ ದುಃಖಕ್ಕಿಂತ ಹೊರೆಯಿಳಿದ ಸದ್ದು ಹೆಚ್ಚಿತ್ತು. “ಏನಪ್ಪಾ ನೀನು, ಇಪ್ಪತ್ತು ವರ್ಷದ ಕೈ,” ಎಂದು ಏಣಿಯ ಹೆಗಲು ಮುಟ್ಟಿ, ಮುಟ್ಟಿದ ಕೈಯನ್ನು ಬೇಗನೆ ತೆಗೆದುಕೊಂಡ. “ಸದ್ಯಕ್ಕೆ ನಾಳೆಯಿಂದ ಬರಬೇಡ. ಪೊಲೀಸರು ಕರೆದ್ರೆ ಹೋಗಬೇಕಾಗುತ್ತೆ. ವರದಿ ನೋಡಿ ಮುಂದಿಂದು.” ಮುಂದಿನದು ಏನೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಳ ಕಾಲು ಕಳೆದ ಕೈಗೆ ಯಾವ ರಂಗಮಂದಿರವೂ ಏಣಿ ಕೊಡುವುದಿಲ್ಲ.

ಅವನು ನಲವತ್ತೊಂದು ಮೆಟ್ಟಿಲು ಹತ್ತಿದ. ನಲವತ್ತೆಂದೇ ಲೆಕ್ಕ ಬಂತು. ಇಳಿದು ಮತ್ತೊಮ್ಮೆ ಎಣಿಸುವಷ್ಟು ಧೈರ್ಯ ಇರಲಿಲ್ಲ. ಕುಳಿತು ಐದು ನಿಮಿಷವಾಗಿರಬಹುದು, ಏಣಿ ಒಳಗೆ ಬಂದ. ತನ್ನ ಸ್ಪ್ಯಾನರು, ಇಕ್ಕುಳ, ತೊಗಲಿನ ಕೈಗವಸುಗಳನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಜೋಡಿಸಿದ. ಬಾಗಿಲು ಮುಚ್ಚಿದ. ಅದು ತೆರೆದುಕೊಂಡಾಗ ಒಂದು ರಟ್ಟಿನ ತುಂಡನ್ನು ಮಡಚಿ ಸಂದಿಗೆ ಸಿಕ್ಕಿಸಿದ, ಬಾಗಿಲು ನಿಂತಿತು. ಆಮೇಲೆ ಎದೆಯ ಜೇಬಿನಿಂದ ನಾಲ್ಕು ಮಡಿಕೆಯ ಅರ್ಧ ಹಾಳೆ ತೆಗೆದು ಕನ್ಸೋಲಿನ ಮೇಲಿಟ್ಟ. ಒಂದು ಮೂಲೆಯಲ್ಲಿ ಹಲ್ಲುಗಳ ಗುರುತು ಸಾಲಾಗಿ ಇತ್ತು.

“ಇದು ನಿಮ್ಮದು.”

ಅವನು ಮುಟ್ಟಲಿಲ್ಲ. “ಯಾವತ್ತಿಂದ ನಿನ್ನ ಹತ್ರ?”

“ಅವತ್ತಿಂದಾನೇ. ಎಲ್ಲಿಗೆ ಹೋಗುತ್ತೆ?”

“ಮತ್ಯಾಕೆ ತೋರಿಸಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ. ಎಂಟು ದಿನ ಕಾದೆ. ಬೆಳಿಗ್ಗೆ ಚಹಾ ಕುಡಿಯುವಾಗ ಕಾದೆ. ನೀವು ಹೇಳಿದ್ರೆ, ಹೌದು ಮೇಡಂ, ಅವರು ಬರೆದದ್ದೂ ತಪ್ಪು, ಗೊತ್ತಿದ್ದೂ ಮಾಡಿದ್ದು ನಂದೂ ತಪ್ಪು ಅಂತ ಜೊತೇಲಿ ನಿಲ್ತಿದ್ದೆ. ನೀವು ಎಪ್ಪತ್ಮೂರು ಅಂದ್ಬಿಟ್ರಿ.” ಏಣಿ ತನ್ನ ಅಂಗೈ ನೋಡಿಕೊಂಡ. “ಅದಾದ ಮೇಲೆ ತೆಗೆದ್ರೆ ಅದು ಲೆಕ್ಕ ತಪ್ಪಿದವರ ಕಾಗದ ಅಲ್ಲ ಭಾವ. ಸುಳ್ಳು ಹೇಳಿದವರ ಕಾಗದ. ಅದನ್ನ ಅವಳಣ್ಣನ ಮುಖಕ್ಕೆ ಹಿಡಿಯೋಕೆ ನನ್ನ ಕೈಲಾಗಲ್ಲ.”

“ಅವಳಿಗೆ ಹೇಳ್ತೀಯಾ?”

“ಇಲ್ಲ. ನೀವು ಮನೆಗೆ ಬರೋದನ್ನೂ ನಿಲ್ಲಿಸಬೇಡಿ. ಬನ್ನಿ. ಬಂದು ಕೂತ್ಕೊಳ್ಳಿ. ಅವಳು ಬಡಿಸ್ತಾಳೆ.” ಬಾಗಿಲ ಬಳಿ ನಿಂತು, ತಿರುಗದೆಯೇ ಹೇಳಿದ: “ಆ ಮೇಡಂ ಇನ್ನೂ ಕೆಳಗೇ ಇದ್ದಾರೆ. ಆಫೀಸಲ್ಲಿ ಕೂತು ವರದಿ ಬರೀತಿದ್ದಾರೆ.”

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅವನು ಕಾಗದ ಬಿಡಿಸಿದ. ಹತ್ತನೆಯ ಸಾಲಿನಲ್ಲಿ ಎಪ್ಪತ್ತೆರಡು. ಎರಡರ ಬಾಲ ಸ್ವಲ್ಪ ಉದ್ದ, ತೃಪ್ತಿಯಿಂದ ಎಳೆದದ್ದು. ಎದ್ದ. ಕಾಗದವನ್ನು ಕೈಯಲ್ಲಿ ಹಿಡಿದೇ ಇಳಿದ. ಮೊದಲ ಹತ್ತು ಮೆಟ್ಟಿಲುಗಳಲ್ಲಿ ಹೇಳಬೇಕಾದ ವಾಕ್ಯ ಸಿದ್ಧವಾಯಿತು, ಮುಂದಿನ ಹತ್ತರಲ್ಲಿ ಅದು ಇನ್ನೂ ಚಿಕ್ಕದಾಯಿತು: ತಪ್ಪು ನನ್ನದು. ಎರಡೇ ಪದ. ಇಷ್ಟು ಸುಲಭವಾದದ್ದಕ್ಕೆ ಒಂಬತ್ತು ದಿನ ಬೇಕಾಯಿತೆ ಎಂದು ಅವನಿಗೆ ಹಗುರವೂ ಆಯಿತು. ಮೂವತ್ತನೆಯದರಲ್ಲಿ ಅವಳು ಕನ್ನಡಕದ ಮೇಲಿನಿಂದ ನೋಡುವ ನೋಟ ಕಂಡಿತು, ಮ್ಯಾನೇಜರಿನ ಬಾಯಿ ಕಂಡಿತು, ಹಾಗಾದ್ರೆ ಆಗ ಯಾಕೆ ಹಾಗಂದ್ರಿ ಎಂಬ ಮುಂದಿನ ಪ್ರಶ್ನೆ ಕಂಡಿತು. ಎಷ್ಟು ಕೊಟ್ರಿ ಎಂಬ ಮೊದಲನೆಯದಕ್ಕೆ ಉತ್ತರವಿತ್ತು. ಎರಡನೆಯದಕ್ಕೆ ಇರಲಿಲ್ಲ. ಆಫೀಸಿನ ಬಾಗಿಲು ತಟ್ಟುವಷ್ಟರಲ್ಲಿ ಕಾಗದ ಅವನ ಜೇಬಿನಲ್ಲಿತ್ತು.

“ಏನು ಮೇಷ್ಟ್ರೇ?” ಎಂದಳು ತನಿಖೆಯವಳು. ಆ ಹೆಸರು ಅವಳ ಬಾಯಿಗೂ ಅಂಟಿತ್ತು. “ಏನಾದ್ರೂ ಹೇಳೋದಿತ್ತಾ?”

“ಇತ್ತು,” ಎಂದ. “ಕೊನೇಗೆ ಹಾಕೋ ಮುಚ್ಚಳ. ಅದನ್ನ ಅವನು ಸರಿಯಾಗಿ ಹಾಕಿದ್ದ. ವರದೀಲಿ ಅದನ್ನೂ ಬರೀಬೇಕು.”

ಅವಳು ಪೆನ್ನು ನಿಲ್ಲಿಸಿ ಅವನನ್ನು ನೋಡಿದಳು. ಮುಖ ಮೃದುವಾಯಿತು. “ನಿಮ್ಮ ತಂಗಿ ಗಂಡ ಅಲ್ವಾ ಅವರು? ಪಾಪ. ಬರೀತೀನಿ. ಇಂಥ ಹೊತ್ತಲ್ಲಿ ನೀವಾದ್ರೂ ಅವರ ಪರವಾಗಿ ಬಂದ್ರಲ್ಲ.” ಮ್ಯಾನೇಜರು ತಲೆಯಾಡಿಸಿ, “ದೊಡ್ಡ ಮನುಷ್ಯ ನಮ್ಮ ಮೇಷ್ಟ್ರು,” ಎಂದ. ಈ ಸಲ ಆ ಹೆಸರಿನಲ್ಲಿ ಗೇಲಿ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ತಾಲೀಮು. ಬೇರೆ ನಾಟಕ, ಬೇರೆ ನಟರು. ನೆಲಬಾಗಿಲಿನ ಮೇಲೆ ಕಂಬಳಿ ಹಾಸಿ ಅದರ ಮೇಲೆ ಒಂದು ಮಂಚ ಇಟ್ಟಿದ್ದರು. ಕನ್ಸೋಲಿನ ತೆರೆಯಲ್ಲಿ ಅವನು ಹಳೆಯ ನಾಟಕವನ್ನು ತೆರೆದು ಅಳಿಸತೊಡಗಿದ. ಒಂದರಿಂದ ಎಪ್ಪತ್ತೆರಡರವರೆಗೆ ಎಲ್ಲ ಚೌಕಗಳೂ ಸೊನ್ನೆಯಾದವು. ಎಪ್ಪತ್ತಮೂರರಲ್ಲಿ ಬೆರಳು ನಿಂತಿತು. ಅಲ್ಲಿ ಇನ್ನೂರ ಐವತ್ತೈದು ಇತ್ತು. ಮೇಲಿನ ಕೊಳವೆಯಲ್ಲಿ ಆ ದೀಪವಿದ್ದ ಜಾಗ ಬರಿದಾಗಿತ್ತು, ತಂತಿಯ ತುದಿ ಬಾಯಿ ತೆರೆದು ತೂಗುತ್ತಿತ್ತು. ಮುಚ್ಚಳವನ್ನು ದೀಪದೊಡನೆ ತೆಗೆದುಕೊಂಡು ಹೋಗಿದ್ದರು. ಇನ್ನೊಂದು ತರಿಸಿ ಹಾಕಬೇಕು. ಏಣಿಗೆ ಹೇಳಬೇಕು ಎಂದುಕೊಂಡ, ಹಾಗೆಂದುಕೊಂಡದ್ದು ಅರಿವಿಗೆ ಬರಲು ಒಂದು ಕ್ಷಣ ಹಿಡಿಯಿತು.

ಮೊಬೈಲು ಮೇಜಿನ ಮೇಲೆ ಅಲುಗಿತು. ತಂಗಿ. ಅಲುಗುತ್ತ ಅಲುಗುತ್ತ ಅದು ಮೇಜಿನ ಅಂಚಿನ ಕಡೆಗೆ ಒಂದಿಷ್ಟೇ ಸರಿಯಿತು. ಅವನು ಎಣಿಸಿದ. ಹನ್ನೆರಡು ಸಲ ಆಗಿ ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು. ಅವಳಿಗೆ ಏಣಿ ಏನು ಹೇಳಿದ್ದಾನೆಂದು ಅವನಿಗೆ ಗೊತ್ತಿತ್ತು: ಭಾವ ಇದ್ದರು, ನನ್ನ ಪರವಾಗಿ ಮಾತಾಡಿದರು. ಅದಕ್ಕೆ ಅವಳು ಕರೆಯುತ್ತಿದ್ದಾಳೆ, ಕೃತಜ್ಞತೆ ಹೇಳಲು.

“ಮೇಷ್ಟ್ರೇ, ದೀಪ!” ಎಂದು ಕೆಳಗಿನಿಂದ ಯಾರೋ ಕೂಗಿದರು.

ಅವನು ರಂಗಕ್ಕೆ ಬೆಳಕು ಕೊಟ್ಟ. ಈ ಸಲ ತೆರೆಯನ್ನು ಬಿಟ್ಟು ಗಾಜಿನಾಚೆ ನೋಡಿದ. ಬೆಳಕು ಮಂಚದ ಮೇಲೆ ಸರಿಯಾಗಿ ಬಿದ್ದಿತ್ತು. ಫೋನು ಮತ್ತೆ ಮೊದಲಿನಿಂದ ಅಲುಗತೊಡಗಿತು. ಎಪ್ಪತ್ತಮೂರನ್ನು ಅವನು ಇಳಿಸಲಿಲ್ಲ.